ಸೀಸನ್ ಸೋಪು, ಬಾಡಿ ವಾಶ್, ಸ್ನಾನದ ಪುಡಿ ರಿವ್ಯೂ ಮಾಡುವುದು ಹೇಗೆ: ಬಕೆಟ್ ಸ್ನಾನದವರಿಗೊಂದು ಸಮಗ್ರ ಮಾರ್ಗದರ್ಶಿ

ಗಣೇಶನ ಹಬ್ಬ ಮುಗಿದು ದೀಪಾವಳಿ ಹತ್ತಿರ ಬರುತ್ತಿದ್ದ ಹಾಗೆ ನನಗೆ ಓದುಗರಿಂದ ಕರಡುಗಳು ಬರಲು ಶುರುವಾಗುತ್ತವೆ. "ಹಬ್ಬದ ಸೋಪಿನ ರಿವ್ಯೂ ಬರೆದಿದ್ದೀನಿ ಮೇಡಂ, ಒಂದ್ಸಲ ಕಣ್ಣಾಡಿಸಿ" ಅಂತ. ಹೆಚ್ಚಿನವು ಒಂದೇ ಜಾಗದಲ್ಲಿ ಮುಗ್ಗರಿಸಿರುತ್ತವೆ. ಪೊಟ್ಟಣ ಮೂಸಿದ್ದಾಯಿತು, ಒಂದು ಸಲ ಸ್ನಾನ ಮಾಡಿದ್ದಾಯಿತು, "ಘಮಘಮ" ಅಂತ ಬರೆದದ್ದಾಯಿತು. ಓದಿದವರಿಗೆ ಬೇಕಾದದ್ದು ಬೇರೆ. ನಮ್ಮನೆ ಬೋರ್‌ವೆಲ್ ನೀರಿಗೆ ಇದು ನೊರೆ ಕೊಡುತ್ತಾ? ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟುವ ಹೊತ್ತಿಗೆ ಪರಿಮಳ ಮೈಮೇಲೆ ಉಳಿದಿರುತ್ತಾ? ನಾನೂರು ರೂಪಾಯಿ ಬಾಟಲಿ ಎಷ್ಟು ದಿನ ಬರುತ್ತೆ?

ಇವರೆಲ್ಲ ಚೆನ್ನಾಗಿಯೇ ಬರೆಯುತ್ತಾರೆ, ಎಡವುವುದು ಕೆಲಸದ ಕ್ರಮದಲ್ಲಿ. ಮೂಗು ಬಹಳ ಬೇಗ ಸುಸ್ತಾಗುವ ಅಂಗ. ಮೊದಲು ಮಾಡಬೇಕಾದದ್ದನ್ನು ಆಮೇಲೆ ಮಾಡಿದರೆ ಅದು ಸುಳ್ಳು ಹೇಳುತ್ತೆ, ಆ ಸುಳ್ಳನ್ನು ನಾವು ಶ್ರದ್ಧೆಯಿಂದ ಬರೆದುಕೊಳ್ಳುತ್ತೇವೆ. ಹಾಗಾಗಿ ಕೆಳಗಿನ ಹಂತಗಳ ಕ್ರಮ ತಪ್ಪಿಸಬೇಡಿ.

## ಮೊದಲು ಕೈಗೆಟುಕುವಂತೆ ಇಟ್ಟುಕೊಳ್ಳಬೇಕಾದ್ದು

ದುಬಾರಿ ಸಾಮಾನು ಯಾವುದೂ ಬೇಡ. ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡಿಗೆಮನೆ ತಕ್ಕಡಿ, ಆಮ್ಲ-ಕ್ಷಾರ ಎಷ್ಟೆಂದು ತೋರಿಸುವ ಪಿಎಚ್ ಪಟ್ಟಿಗಳ ಒಂದು ಪುಸ್ತಕ, ಕೆಮ್ಮಿನ ಔಷಧಿ ಜೊತೆ ಬರುವ ಅಳತೆಯ ಮುಚ್ಚಳ, ಹಳೆಯ ಬಿಳಿ ಪಂಚೆಯಿಂದ ಹರಿದ ಅಂಗೈಯಗಲದ ಐದಾರು ತುಂಡು, ಮುಚ್ಚಳವಿರುವ ಮೂರು ಪಾರದರ್ಶಕ ಬಾಟಲಿ, ತೂತಿರುವ ಸೋಪು ಡಬ್ಬಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರು. ಬರೆದುಕೊಳ್ಳಲು ಪೆನ್ಸಿಲ್ ಇರಲಿ. ಬಚ್ಚಲಿನ ಆವಿಗೆ ಇಂಕು ಹರಡುತ್ತೆ, ಫೋನಿನ ಪರದೆ ಒದ್ದೆ ಬೆರಳಿಗೆ ಮಾತು ಕೇಳುವುದಿಲ್ಲ.

ಇದರ ಜೊತೆಗೆ ವಾಸನೆಯೇ ಇಲ್ಲದ ಒಂದು ಸಾದಾ ಸೋಪು. ಪರೀಕ್ಷೆ ಇಲ್ಲದ ದಿನಗಳಲ್ಲಿ ಅದನ್ನೇ ಹಚ್ಚಿಕೊಳ್ಳಿ. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ನಿನ್ನೆಯ ಗುಲಾಬಿ ಇವತ್ತಿನ ಲಾವಂಚಕ್ಕೆ ಅಂಟಿಕೊಂಡಿರುತ್ತೆ.

## ಹಂತ 1: ಕ್ಯಾಲೆಂಡರನ್ನು ಹಿಂದಿನಿಂದ ಲೆಕ್ಕ ಹಾಕಿ

ಸೀಸನ್ ಸಾಮಾನಿಗೆ ಆಯಸ್ಸು ಕಡಿಮೆ. ಚಕ್ಕೆ-ವೆನಿಲಾ ಬಾಡಿ ವಾಶ್ ಡಿಸೆಂಬರಿಗೆ ಅಂಗಡಿ ತುಂಬಿರುತ್ತೆ, ಸಂಕ್ರಾಂತಿ ಹೊತ್ತಿಗೆ ರಿಯಾಯಿತಿ ಬುಟ್ಟಿಗೆ ಬಿದ್ದಿರುತ್ತೆ. ವಿಮರ್ಶೆ ಅಷ್ಟರೊಳಗೆ ಬರದಿದ್ದರೆ ಬರೆದೂ ದಂಡ.

ಒಂದು ಉತ್ಪನ್ನಕ್ಕೆ ಸರಿಯಾಗಿ ಹತ್ತು ದಿನ ಬೇಕು: ಚರ್ಮದ ಪರೀಕ್ಷೆಗೆ ಎರಡು, ಬಳಕೆಗೆ ಏಳು, ಬರೆಯಲು ಒಂದು. ಪರೀಕ್ಷೆಯ ಸ್ನಾನ ದಿನ ಬಿಟ್ಟು ದಿನ ಹಾಕಿಕೊಳ್ಳುವವರು ಇನ್ನೊಂದು ವಾರ ಸೇರಿಸಿ. ನರಕ ಚತುರ್ದಶಿಗೆ ಎಣ್ಣೆ ಸ್ನಾನದ ಪುಡಿಯ ವಿಮರ್ಶೆ ಬೇಕೆಂದರೆ, ನೀರು ತುಂಬುವ ಹಬ್ಬದ ಸಂಜೆಗೆ ಎರಡು ವಾರ ಮೊದಲೇ ಓದುಗರ ಕೈಲಿರಬೇಕು. ಅಂದರೆ ನೀವು ಕೊಳ್ಳಬೇಕಾದದ್ದು ನವರಾತ್ರಿ ಶುರುವಾಗುವ ಹೊತ್ತಿಗೆ. ಬೇಸಿಗೆಯ ಮೆಂಥಾಲ್, ಲಾವಂಚ, ನಿಂಬೆ ಬಗೆಯವು ಶಿವರಾತ್ರಿಗೆ ಕೈಗೆ ಬಂದರೆ ಯುಗಾದಿಗೆ ಬರೆಯಬಹುದು.

ನೆಗಡಿ ಇದ್ದರೆ ಮುಂದಕ್ಕೆ ಹಾಕಿ. ಬೆಂಗಳೂರಿನ ನವೆಂಬರ್-ಡಿಸೆಂಬರ್ ಮೂಗು ಎಷ್ಟು ನಂಬಿಕಸ್ಥ ಅಂತ ನಮಗೆಲ್ಲ ಗೊತ್ತು.

## ಹಂತ 2: ಕೊಳ್ಳುವಾಗಲೇ ಲೇಬಲ್ ಓದಿ

ಮುಂದಿನ ಬದಿಯ ಚಿತ್ರ ನೋಡಬೇಡಿ, ಹಿಂದೆ ತಿರುಗಿಸಿ. ಮೊದಲು ಅದು ಏನೆಂದು ಬರೆದಿದೆ ನೋಡಿ. "ಟಾಯ್ಲೆಟ್ ಸೋಪ್" ಬೇರೆ, "ಬೇಥಿಂಗ್ ಬಾರ್" ಬೇರೆ. ಭಾರತೀಯ ಮಾನಕದ ಪ್ರಕಾರ ಟಾಯ್ಲೆಟ್ ಸೋಪಿನಲ್ಲಿ ಒಟ್ಟು ಕೊಬ್ಬಿನ ಅಂಶ, ಅಂದರೆ ಟಿಎಫ್‌ಎಂ, ಗ್ರೇಡ್ 1ಕ್ಕೆ ಕನಿಷ್ಠ ಶೇ. 76, ಗ್ರೇಡ್ 2ಕ್ಕೆ 70, ಗ್ರೇಡ್ 3ಕ್ಕೆ 60. ಬೇಥಿಂಗ್ ಬಾರಿಗೆ 40 ಇದ್ದರೂ ನಡೆಯುತ್ತೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು "ಇದು ಬೇಗ ಕರಗಿತು" ಅಂತ ದೂರುವುದು ನನಗೆ ಬರುವ ಕರಡುಗಳ ಹಳೇ ರೋಗ.

ಆಮೇಲೆ ಎಂಆರ್‌ಪಿ, ನಿವ್ವಳ ತೂಕ, ತಯಾರಾದ ತಿಂಗಳು, ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ ಬರೆದುಕೊಳ್ಳಿ. ಬ್ಯಾಚ್ ಸಂಖ್ಯೆ ಯಾಕೆಂದರೆ, ಓದುಗರೊಬ್ಬರು "ನನಗೆ ಹಾಗೆ ಬರಲಿಲ್ಲ" ಅಂದಾಗ ಇಬ್ಬರದ್ದೂ ಒಂದೇ ಬ್ಯಾಚಾ ಅಂತ ನೋಡಬಹುದು. ಸೋಪಿನ ತೂಕದ ಪಕ್ಕ "ಪ್ಯಾಕ್ ಮಾಡಿದಾಗ" ಅಂತ ಸಾಮಾನ್ಯವಾಗಿ ಇರುತ್ತೆ. ಒಳಗಿನ ನೀರಂಶ ಆರಿ ತೂಕ ಇಳಿಯುತ್ತೆ, ಹಾಗಾಗಿ ನಿಮ್ಮ ತಕ್ಕಡಿಯಲ್ಲಿ ನಾಲ್ಕೈದು ಗ್ರಾಂ ಕಡಿಮೆ ಬಂದರೆ ಮೋಸ ಅಂತ ಬರೆಯಬೇಡಿ.

ಇಲ್ಲಿ ತಯಾರಾದವುಗಳ ಪಟ್ಟಿಯಲ್ಲಿ ಹೆಚ್ಚಾಗಿ "ಪರ್ಫ್ಯೂಮ್" ಅಂತ ಒಂದೇ ಪದ ಇರುತ್ತೆ. ಯುರೋಪಿನ ಮಾರುಕಟ್ಟೆಗೆ ತಯಾರಾದವುಗಳಲ್ಲಿ ಲಿಮೊನೀನ್, ಲಿನಲೂಲ್, ಸಿನಮಲ್, ಯೂಜಿನಾಲ್ ಅಂತ ಬಿಡಿಬಿಡಿಯಾಗಿ ಕಾಣಬಹುದು. ಅಲ್ಲಿನ ಕಾನೂನಿನಂತೆ, ತೊಳೆದುಹೋಗುವ ಉತ್ಪನ್ನದಲ್ಲಿ ಅಲರ್ಜಿ ತರಬಲ್ಲ ಈ ಗಂಧದ್ರವ್ಯಗಳು ಶೇ. 0.01 ದಾಟಿದರೆ ಹೆಸರು ಹಾಕಲೇಬೇಕು. ಹೆಸರು ಹೆಚ್ಚಿದೆ ಅಂದ ಮಾತ್ರಕ್ಕೆ ವಿಷ ಹೆಚ್ಚಿದೆ ಅಂತಲ್ಲ. "ಇದರಲ್ಲಿ ಕೆಮಿಕಲ್ ಜಾಸ್ತಿ" ಅನ್ನುವ ವಾಕ್ಯ ಬರೆಯುವ ಮುನ್ನ ಇದು ನೆನಪಿರಲಿ.

ಸಂತೆ, ಮೇಳಗಳಲ್ಲಿ ಸಿಗುವ ಕೈಸೋಪಿಗೆ ಇನ್ನೊಂದು ಪ್ರಶ್ನೆ ಕೇಳಿ: ಎಷ್ಟು ವಾರ ಒಣಗಿಸಿದ್ದೀರಿ? ಕಾಯಿಸದೆ ಮಾಡುವ ಸೋಪು ನಾಲ್ಕರಿಂದ ಆರು ವಾರ ಆರಬೇಕು. ಹಬ್ಬದ ಆರ್ಡರಿನ ಅವಸರಕ್ಕೆ ಎರಡೇ ವಾರಕ್ಕೆ ಮಾರಿದ್ದು ಬಚ್ಚಲಲ್ಲಿ ಬೆಣ್ಣೆಯಾಗುತ್ತೆ.

ಎಚ್ಚರಿಕೆಯ ಗುರುತು: ಸೋಪಿನ ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಎದ್ದು, ಹಳೇ ಚಕ್ಕುಲಿ ಡಬ್ಬಿಯ ಹಾಗೆ ಕಮಟು ವಾಸನೆ ಬಂದರೆ ಎಣ್ಣೆ ಕೆಟ್ಟಿದೆ. ಆದರೆ ವೆನಿಲಾ ಇರುವ ಸೋಪು ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ವೆನಿಲಿನ್ ಸೋಪಿನಲ್ಲಿ ಮಾಡುವ ಕೆಲಸವೇ ಅದು. ಇದನ್ನು "ಹಾಳಾದ ಮಾಲು" ಅಂತ ಬರೆದು ಪಾಪದ ತಯಾರಕರ ಹೊಟ್ಟೆ ಮೇಲೆ ಹೊಡೆದವರನ್ನು ನೋಡಿದ್ದೇನೆ.

## ಹಂತ 3: ನಿಮ್ಮ ನೀರು ಯಾವುದೆಂದು ಗೊತ್ತುಮಾಡಿಕೊಳ್ಳಿ

ಇದನ್ನು ಬಿಟ್ಟವರ ವಿಮರ್ಶೆಯನ್ನು ಬೆಂಗಳೂರಿನಲ್ಲಿ ಯಾರೂ ನಂಬಬಾರದು. ಒಂದೇ ರಸ್ತೆಯಲ್ಲಿ ಒಂದು ಮನೆಗೆ ಕಾವೇರಿ, ಪಕ್ಕದ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್, ಎದುರುಮನೆಗೆ ಟ್ಯಾಂಕರ್. ಎಷ್ಟೋ ಕಡೆ ಮೂರೂ ಒಂದೇ ಸಂಪಿನಲ್ಲಿ ಬೆರೆತಿರುತ್ತವೆ. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು ನಿಜ, ಆದರೆ ನಿಮ್ಮ ಬಕೆಟ್ಟಿನಲ್ಲಿ ಇವತ್ತು ಇರುವುದು ಯಾವ ನೀರು ಅನ್ನುವುದೇ ಇಲ್ಲಿ ಮುಖ್ಯ.

ಪರೀಕ್ಷೆ ಸುಲಭ. ಮೂರು ಬಾಟಲಿಗಳಿಗೆ ಅರ್ಧರ್ಧ ನೀರು ಹಾಕಿ: ಒಂದಕ್ಕೆ ಡಿಸ್ಟಿಲ್ಡ್, ಒಂದಕ್ಕೆ ನಿಮ್ಮ ಬಚ್ಚಲ ನಲ್ಲಿಯದು, ಇನ್ನೊಂದಕ್ಕೆ ಬೇರೆ ಬಗೆಯ ನೀರಿನ ಮನೆಯಿಂದ ತಂದದ್ದು. ಪ್ರತಿಯೊಂದಕ್ಕೂ ಕಡಲೆಕಾಳಿನಷ್ಟು ಸಾದಾ ಸೋಪು ತುರಿದು ಹಾಕಿ, ಇಪ್ಪತ್ತು ಸಲ ಕುಲುಕಿ, ಐದು ನಿಮಿಷ ಇಡಿ. ಡಿಸ್ಟಿಲ್ಡ್ ನೀರಿನ ಮೇಲೆ ದಪ್ಪ ನೊರೆ ನಿಂತಿರುತ್ತೆ. ಗಡಸು ನೀರಿನಲ್ಲಿ ನೊರೆ ಇಳಿದು, ಒಡೆದ ಹಾಲಿನ ಹಾಗೆ ಬಿಳಿ ಚೂರು ತೇಲುತ್ತವೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲದ ಜೊತೆ ಸೇರಿ ಆದ ಗಸಿ ಅದು. ಅದೇ ಗಸಿ ಬಕೆಟ್ಟಿನ ಒಳಮೈಗೆ, ಟೈಲ್ಸಿಗೆ, ನಿಮ್ಮ ಚರ್ಮಕ್ಕೂ ಅಂಟುತ್ತೆ. ಬಾಡಿ ವಾಶ್‌ಗಳಲ್ಲಿ ಹೆಚ್ಚಿನವು ಸೋಪಲ್ಲ, ಡಿಟರ್ಜೆಂಟ್ ಜಾತಿಯವು. ಅವಕ್ಕೆ ಈ ಗಸಿಯ ಕಾಟ ಇಲ್ಲ. ಗಡಸು ನೀರಿನ ಮನೆಯಲ್ಲಿ ಬಾಡಿ ವಾಶ್ ಸುಮ್ಮನೆ ಗೆದ್ದುಬಿಡುತ್ತೆ, ಅದರಲ್ಲಿ ಅದರ ಗುಣ ಎಷ್ಟು, ನೀರಿನ ಪಾಲು ಎಷ್ಟು ಅಂತ ನೀವು ಬಿಡಿಸಿ ಹೇಳಬೇಕು.

ಅಂಕಿ ಬೇಕಾದರೆ ಗಡಸುತನ ಅಳೆಯುವ ಕಿಟ್ ಕೊಳ್ಳಿ. ಭಾರತೀಯ ಮಾನಕ ಕುಡಿಯುವ ನೀರಿಗೆ ಇಟ್ಟ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ. ಟಿಡಿಎಸ್ ಮೀಟರಿನ ಅಂಕಿಯನ್ನು ಗಡಸುತನ ಅಂತ ಬರೆಯಬೇಡಿ, ಅದು ಕರಗಿದ ಎಲ್ಲ ಲವಣವನ್ನೂ ಒಟ್ಟಿಗೆ ಲೆಕ್ಕ ಹಾಕುತ್ತೆ. ಮನೆಯಲ್ಲಿ ಸಾಫ್ಟ್‌ನರ್ ಹಾಕಿಸಿದವರಿಗೆ ಇನ್ನೊಂದು ಮಾತು: "ಎಷ್ಟು ನೀರು ಹಾಕಿದರೂ ಜಾರು ಹೋಗಲ್ಲ" ಅನ್ನುವುದು ಆ ನೀರಿನ ಗುಣ, ಸೋಪಿನ ದೋಷ ಅಲ್ಲ.

## ಹಂತ 4: ಮೊಣಕೈ ಮಡಿಕೆಯಲ್ಲಿ ಎರಡು ದಿನ

ಮೂಗಿಗಿಂತ ಮುಂಚೆ ಚರ್ಮ. ನೊರೆ ಬರುವಷ್ಟು ನೀರು ಬೆರೆಸಿ ಮೊಣಕೈ ಒಳಮಡಿಕೆಗೆ ಒಂದು ರೂಪಾಯಿ ನಾಣ್ಯದಗಲ ಹಚ್ಚಿ, ಸ್ನಾನಕ್ಕೆ ಎಷ್ಟು ಹೊತ್ತು ಬಿಡುತ್ತೀರೋ ಅಷ್ಟೇ ಹೊತ್ತು ಬಿಟ್ಟು ತೊಳೆಯಿರಿ. ಮರುದಿನ ಅದೇ ಜಾಗಕ್ಕೆ ಇನ್ನೊಮ್ಮೆ. 48 ಗಂಟೆ ಆಗುವವರೆಗೆ ಮೈಗೆ ಹಚ್ಚಬೇಡಿ. ತೊಳೆಯುವ ಉತ್ಪನ್ನವನ್ನು ಬ್ಯಾಂಡೇಜಿನಡಿ ಮುಚ್ಚಿಡುವವರಿದ್ದಾರೆ. ಹಾಗೆ ಮಾಡಿದರೆ ಸಾಧು ಸೋಪೂ ಉರಿಸುತ್ತೆ.

ಚಳಿಗಾಲದ ಸರಕಿನಲ್ಲಿ ಚಕ್ಕೆ, ಲವಂಗದ ತೈಲ ಇರುತ್ತೆ. ಚಕ್ಕೆಯ ಪರಿಮಳ ಕೊಡುವ ಸಿನಮಲ್ಡಿಹೈಡ್ ಚರ್ಮ ಕೆರಳಿಸುವುದರಲ್ಲಿ ಹೆಸರಾದದ್ದು. ಬೇಸಿಗೆಯ ಮೆಂಥಾಲ್ ಮೈಯ ಉಷ್ಣ ಇಳಿಸುವುದಿಲ್ಲ, ತಂಪನ್ನು ಗುರುತಿಸುವ ನರಗಳನ್ನು ಮುಟ್ಟಿ ತಂಪಾದ ಹಾಗೆ ಅನ್ನಿಸುತ್ತೆ, ಅಷ್ಟೆ. ಶೇವ್ ಮಾಡಿದ ಚರ್ಮಕ್ಕೆ, ಕಣ್ಣಿನ ಹತ್ತಿರ, ಮಕ್ಕಳ ಮೈಗೆ ಪರೀಕ್ಷೆಗೆಂದು ಎರಡನ್ನೂ ಹಚ್ಚಬೇಡಿ.

ಇದೇ ಹೊತ್ತಿಗೆ ನೊರೆಗೆ ಪಿಎಚ್ ಪಟ್ಟಿ ತಾಗಿಸಿ. ಸೋಪು 9ರಿಂದ 10ರ ನಡುವೆ ಇರುವುದು ಸಹಜ, ಚರ್ಮದ್ದು ಸುಮಾರು 5. ಕೈಸೋಪು 11 ದಾಟಿತೆಂದರೆ ಕ್ಷಾರ ಉಳಿದಿದೆ, ಮುಂದಿನ ಹಂತಕ್ಕೆ ಹೋಗಬೇಡಿ.

ಎಚ್ಚರಿಕೆಯ ಗುರುತು: ತೊಳೆದ ಮೇಲೂ ಉಳಿಯುವ ಉರಿ, ಕೆಂಪು ದದ್ದು, ಮರುದಿನ ಏಳುವ ತುರಿಕೆ. ಒಂದು ಸಲ ಬಂದರೂ ಪರೀಕ್ಷೆ ಅಲ್ಲಿಗೆ ನಿಂತಿತು. "ನನಗೆ ಎರಡನೇ ದಿನ ದದ್ದು ಬಂತು, ಮುಂದೆ ಬಳಸಲಿಲ್ಲ" ಅನ್ನುವುದೂ ಪ್ರಾಮಾಣಿಕ ವಿಮರ್ಶೆಯೇ.

## ಹಂತ 5: ಮೂಗನ್ನೂ ಮನೆಯನ್ನೂ ಖಾಲಿ ಮಾಡಿ

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಒಂದು ದೀಪಾವಳಿಗೆ ಏಳು ಸೋಪು ತಂದು ಬೀರುವಿನಲ್ಲಿ ಸೀರೆಗಳ ಪಕ್ಕ ಇಟ್ಟಿದ್ದೆ. ವಾರದ ಮೇಲೆ ಒಂದೊಂದಾಗಿ ತೆಗೆದು ಪರೀಕ್ಷೆ ಮಾಡಿದೆ. ಮೂರಕ್ಕೆ "ತಿಳಿಯಾದ ಕರ್ಪೂರದ ಛಾಯೆ" ಅಂತ ಬರೆದೆ. ಬಹಳ ಹೆಮ್ಮೆಯಿಂದ ಬರೆದೆ. ಸ್ನಾನ ಮುಗಿಸಿ ಹೊರಗೆ ಬಂದಾಗ ನಮ್ಮತ್ತೆ ಮೂಗು ಮುರಿದರು: "ಏನಮ್ಮಾ, ಸ್ನಾನ ಮಾಡ್ಕೊಂಡು ಬಂದ್ಯೋ, ಬೀರು ಒಳಗಿಂದ ಬಂದ್ಯೋ?" ನುಸಿಗುಳಿಗೆ! ಕಾಗದದ ಹೊದಿಕೆ ದಾಟಿ ಸೋಪಿಗೆಲ್ಲ ಇಳಿದಿತ್ತು. ಮೂರು ವಿಮರ್ಶೆ ಹರಿದು ಹಾಕಿ, ಸೋಪು ಹೊಸದಾಗಿ ತಂದೆ.

ಆದ್ದರಿಂದ ಒಂದೊಂದು ಸೋಪನ್ನೂ ಬೇರೆ ಬೇರೆ ಸ್ಟೀಲ್ ಅಥವಾ ಗಾಜಿನ ಡಬ್ಬಿಯಲ್ಲಿಡಿ. ಪರೀಕ್ಷೆಯ ದಿನ ಊದುಬತ್ತಿ ಆಮೇಲೆ ಹಚ್ಚಿ, ಇಂಗಿನ ಒಗ್ಗರಣೆ, ಡಿಕಾಕ್ಷನ್ ಇಳಿಸುವುದು ಸ್ನಾನವಾದ ಮೇಲೆ. ತಲೆಗೆ ಎಣ್ಣೆ ಬೇಡ, ಪೌಡರು-ಡಿಯೋಡರೆಂಟ್ ಬೇಡ. ಎಲ್ಲಕ್ಕಿಂತ ದೊಡ್ಡ ಕಳ್ಳ ಟವಲ್. ವಾಷಿಂಗ್ ಮೆಷಿನ್ನಿಗೆ ಹಾಕುವ ಕಂಡೀಷನರಿನ ಲ್ಯಾವೆಂಡರ್ ಟವಲಿನಲ್ಲಿ ಕೂತಿರುತ್ತೆ. "ಒರೆಸಿಕೊಂಡ ಮೇಲೂ ಹೂವಿನ ಪರಿಮಳ" ಅಂತ ಬರೆಯುವವರಲ್ಲಿ ಎಷ್ಟು ಜನ ಟವಲಿನ ಗುಣಗಾನ ಮಾಡಿದ್ದಾರೋ! ಪರೀಕ್ಷೆಯ ಟವಲನ್ನು ಬರೀ ಬಿಸಿನೀರಲ್ಲಿ ಎರಡು ಸಲ ಜಾಲಿಸಿ ಬಿಸಿಲಿಗೆ ಹಾಕಿ.

ದಿನಕ್ಕೆ ಒಂದೇ ಉತ್ಪನ್ನ. ಅಂಗಡಿಯಲ್ಲಿ ಸಾಲಾಗಿ ಎಂಟು ಮುಚ್ಚಳ ಮೂಸಿದರೆ ನಾಲ್ಕನೆಯದರ ನಂತರ ಎಲ್ಲವೂ ಒಂದೇ. ಕಾಫಿ ಬೀಜ ಮೂಸಿದರೆ ಮೂಗು ಚುರುಕಾಗುತ್ತೆ ಅಂತ ಮಾರುವವರು ಡಬ್ಬಿ ಮುಂದೆ ಹಿಡಿಯುತ್ತಾರೆ, ಅದು ಇನ್ನೊಂದು ಗಾಢ ವಾಸನೆ ಅಷ್ಟೆ. ಹೊರಗೆ ಬಂದು ಎರಡು ನಿಮಿಷ ನಿಂತು, ನಿಮ್ಮದೇ ತೋಳು ಮೂಸಿಕೊಳ್ಳಿ.

ಒಣ ಸೋಪನ್ನು ಮೂಗಿನಿಂದ ಒಂದು ಗೇಣು ದೂರ ಹಿಡಿದು ಚಿಕ್ಕಚಿಕ್ಕದಾಗಿ ಮೂರು ಸಲ ಉಸಿರೆಳೆಯಿರಿ. ಹೊಳೆದ ಮೊದಲ ವಸ್ತು ಬರೆಯಿರಿ. ಲೇಬಲ್ಲಿನ ಹೆಸರು ನೋಡಿ ಬರೆಯಬೇಡಿ. ಇನ್ನೂ ಒಳ್ಳೆಯದೆಂದರೆ ಮನೆಯವರ ಕೈಲಿ ಹೊದಿಕೆ ತೆಗೆಸಿ ಕೊಡಿಸಿಕೊಳ್ಳುವುದು.

## ಹಂತ 6: ಬಚ್ಚಲಲ್ಲಿ

ಎಲ್ಲ ಸಲವೂ ಅದೇ ಬಕೆಟ್, ಅದೇ ಬಿಸಿ. ನೀರು ಬಿಸಿಯಾದಷ್ಟೂ ಪರಿಮಳ ಬೇಗ ಆವಿಯಾಗಿ ಬಚ್ಚಲು ತುಂಬುತ್ತೆ, ಮೈಮೇಲೆ ಕಡಿಮೆ ಉಳಿಯುತ್ತೆ. ಸೋಲಾರ್ ನೀರಿನವರು ಮೋಡದ ದಿನವನ್ನೂ ಬಿಸಿಲಿನ ದಿನವನ್ನೂ ಹೋಲಿಸಬೇಡಿ.

ಸೋಪಾದರೆ ಒದ್ದೆ ಅಂಗೈಯಲ್ಲಿ ಹತ್ತು ಸುತ್ತು ತಿರುಗಿಸಿ ನೊರೆ ನೋಡಿ: ದೊಡ್ಡ ಗುಳ್ಳೆಯೋ, ಕೆನೆಯ ಹಾಗೆ ಸಣ್ಣದೋ, ಎಷ್ಟು ಹೊತ್ತು ನಿಲ್ಲುತ್ತೆ. ಬಾಡಿ ವಾಶ್ ಆದರೆ ಅಳತೆಯ ಮುಚ್ಚಳಕ್ಕೆ ಹಿಂಡಿ ಎಷ್ಟು ಮಿಲಿಲೀಟರ್ ಬೇಕಾಯಿತು ಬರೆಯಿರಿ. ಅಂದಾಜಿಗೆ ಹಿಂಡಿದರೆ ಬೇಕಾದ್ದಕ್ಕಿಂತ ಹೆಚ್ಚೇ ಬೀಳುತ್ತೆ.

ಸ್ನಾನದ ಪುಡಿಗೆ ಬೇರೆಯೇ ಲೆಕ್ಕ. ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆ, ಕಚೋರ, ಲಾವಂಚ, ಕಸ್ತೂರಿ ಅರಿಶಿನ ಹೀಗೆ ಏನೇನೋ ಸೇರಿರುತ್ತೆ. ಎರಡು ಚಮಚ ಪುಡಿಯನ್ನು ನೀರಲ್ಲಿ ಕಲಸಿ, ಗಂಟಾಗುತ್ತಾ ನೋಡಿ. ಒಂದು ತೋಳಿಗೆ ಹರಳೆಣ್ಣೆ ಹಚ್ಚಿ, ಇನ್ನೊಂದನ್ನು ಒಣಗಿರಿಸಿ, ಎರಡಕ್ಕೂ ಪುಡಿ ಹಾಕಿ ಉಜ್ಜಿ. ಎಣ್ಣೆ ಬಿಡಿಸದ ಪುಡಿ ಎಷ್ಟು ಪರಿಮಳವಾಗಿದ್ದರೂ ಅಭ್ಯಂಜನಕ್ಕೆ ನಾಲಾಯಕ್ಕು. ಹಾಗೆಯೇ ಬಿಳಿ ಪಂಚೆ ತುಂಡಿಗೆ ಸ್ವಲ್ಪ ಮೆತ್ತಿ ಹತ್ತು ನಿಮಿಷದ ಮೇಲೆ ತೊಳೆಯಿರಿ. ಹಳದಿ ಕಲೆ ಗಟ್ಟಿಯಾಗಿ ಕೂತರೆ ಒಳಗಿರುವುದು ಅಡಿಗೆ ಅರಿಶಿನವೇ ಇರಬೇಕು, ಕಸ್ತೂರಿ ಅರಿಶಿನದ ಕಲೆ ಅಷ್ಟು ಗಾಢವಲ್ಲ. ಮೋರಿಯ ಜಾಲರಿ ಕಟ್ಟಿಕೊಂಡಿತಾ ಅದನ್ನೂ ನೋಡಿ, ಮನೆ ಗುಡಿಸುವವರು ನಿಮಗಿಂತ ಮೊದಲು ಇದನ್ನು ವಿಮರ್ಶೆ ಮಾಡಿರುತ್ತಾರೆ. ತೆರೆದ ಪೊಟ್ಟಣದಲ್ಲಿ ಮುಗ್ಗಲು ವಾಸನೆ, ಎಳೆಎಳೆಯಾಗಿ ಗಂಟು ಕಂಡರೆ ಹುಳ ಬಿದ್ದಿದೆ. ಹಿಟ್ಟಲ್ಲವೇ!

ಬಾತ್ ಬಾಂಬ್ ಅನ್ನುವುದು ಟಬ್ಬಿನ ಊರಿನ ವಸ್ತು. ಅಡಿಗೆ ಸೋಡ, ಸಿಟ್ರಿಕ್ ಆಮ್ಲ ಸೇರಿಸಿ ಕಟ್ಟಿದ ಉಂಡೆ, ನೀರು ಬಿದ್ದರೆ ಬುಸುಗುಡುತ್ತೆ. ಟಬ್ಬಿನಲ್ಲಿ 150 ಲೀಟರಾದರೂ ನೀರಿರುತ್ತೆ, ನಮ್ಮ ಬಕೆಟ್ಟಿನಲ್ಲಿ 18-20. ಇಡೀ ಉಂಡೆ ಹಾಕಿ "ಕಣ್ಣಿಗೆ ಹತ್ತುವಷ್ಟು ಘಾಟು" ಅಂತ ಬರೆದರೆ ತಪ್ಪು ಯಾರದ್ದು? ಎಂಟನೇ ಒಂದು ಭಾಗ ಒಡೆದು ಹಾಕಿ. ಮಳೆಗಾಲದಲ್ಲಿ ಕೊಂಡದ್ದು ಗಾಳಿಯ ತೇವ ಕುಡಿದು ಮೊದಲೇ ಉಬ್ಬಿರುತ್ತೆ, ನೀರಿಗೆ ಹಾಕಿದರೆ ಸುಮ್ಮನೆ ಮುಳುಗುತ್ತೆ. ಎಣ್ಣೆ ಬೆರೆತ ಉಂಡೆಯಾದರೆ ಬಚ್ಚಲ ಕಲ್ಲು ಜಾರುತ್ತೆ, ಹಿರಿಯರಿರುವ ಮನೆಯಲ್ಲಿ ತೊಳೆಯದೆ ಹೊರಗೆ ಬರಬೇಡಿ.

ಬಚ್ಚಲಿನೊಳಗೆ ಐದು ನಿಮಿಷವಾದ ಮೇಲೆ ನಿಮ್ಮ ಮೂಗಿನ ಸಾಕ್ಷಿ ನಡೆಯುವುದಿಲ್ಲ. ಅದೇ ವಾಸನೆಗೆ ಒಗ್ಗಿಹೋಗಿರುತ್ತೆ. ನಿಮ್ಮ ಹಿಂದೆಯೇ ಸ್ನಾನಕ್ಕೆ ಹೋಗುವವರನ್ನು ಕೇಳಿ. ಬಾಗಿಲು ತೆಗೆದ ಕ್ಷಣ ಅವರ ಬಾಯಿಂದ ಬಂದ ಮಾತನ್ನು ಹಾಗೇ ಬರೆದುಕೊಳ್ಳಿ.

## ಹಂತ 7: ಟವಲಿನ ನಂತರದ ನಾಲ್ಕು ಗಂಟೆ

ಪರಿಮಳದಲ್ಲಿ ಮೊದಲು ಹಾರುವುದು ಹಗುರವಾದದ್ದು: ನಿಂಬೆ, ಕಿತ್ತಳೆ, ಪುದೀನ. ಆಮೇಲೆ ಹೂವುಗಳು. ಕೊನೆಗೆ ಉಳಿಯುವುದು ಗಂಧ, ವೆನಿಲಾ, ಕಸ್ತೂರಿಯಂಥ ಭಾರದವು. ಹಾಗಾಗಿ ಒಂದೇ ಹೊತ್ತಿನ ವಾಸನೆ ಬರೆದರೆ ಕಥೆಯ ಒಂದೇ ಪುಟ ಬರೆದ ಹಾಗೆ.

ಒರೆಸಿಕೊಂಡ ಕೂಡಲೇ, 15 ನಿಮಿಷಕ್ಕೆ, ಒಂದು ಗಂಟೆಗೆ, ನಾಲ್ಕು ಗಂಟೆಗೆ ಮುಂಗೈ ಮೂಸಿ. ಕುತ್ತಿಗೆ ಬೇಡ, ಅಲ್ಲಿ ಬೆವರೂ ಕೂದಲ ವಾಸನೆಯೂ ಸೇರುತ್ತೆ. ಜೊತೆಗೆ ಪಂಚೆ ತುಂಡಿಗೆ ನೊರೆ ಹಚ್ಚಿ, ಜಾಲಿಸಿ, ನೆರಳಲ್ಲಿ ತಂತಿಗೆ ಹಾಕಿಡಿ. ಬಟ್ಟೆಯ ಮೇಲೆ ಪರಿಮಳ ಮೈಗಿಂತ ಹೆಚ್ಚು ಹೊತ್ತು ಇರುತ್ತೆ, ಎರಡೂ ಒಟ್ಟಿಗೆ ಮಾಯವಾದರೆ ಸುಗಂಧ ತೆಳುವೆಂದು ಅರ್ಥ. ಕಳೆದ ಡಿಸೆಂಬರಿನಲ್ಲಿ ಕಿತ್ತಳೆ-ಚಕ್ಕೆ ಸೋಪಿನ ತುಂಡು ಸಂಜೆ ತಂತಿಯಿಂದ ತೆಗೆದಾಗ ಕಿತ್ತಳೆಯ ಸುಳಿವೇ ಇರಲಿಲ್ಲ. ಮಡಿಕೆ ಬಿಡಿಸಿದರೆ ಒಳಗೆ ಪಲಾವಿನ ಪಾತ್ರೆ ತೊಳೆದಿಟ್ಟ ಮೇಲೂ ಉಳಿಯುತ್ತದಲ್ಲ, ಅಂಥದ್ದೊಂದು ಮಸಾಲೆ ವಾಸನೆ. ಅದನ್ನೇ ಬರೆದೆ. ಆ ವರ್ಷ ಅತಿ ಹೆಚ್ಚು ಜನ ನೆನಪಿಟ್ಟುಕೊಂಡ ಸಾಲು ಅದು.

## ಹಂತ 8: ಏಳು ದಿನದ ಬಾಳಿಕೆ, ರೂಪಾಯಿ ಲೆಕ್ಕ

ಸೋಪನ್ನು ಮೊದಲ ದಿನವೇ ಬಿಸಿನೀರಲ್ಲಿ ಅದ್ದಿದ ಚಾಕುವಿನಿಂದ ಎರಡು ಭಾಗ ಮಾಡಿ, ಎರಡನ್ನೂ ತೂಗಿ. ಒಂದನ್ನು ಬಳಸಿ, ಇನ್ನೊಂದನ್ನು ಬಳಸದೆ ಬಚ್ಚಲ ಕಿಟಕಿಯ ಮೇಲಿಡಿ. ಏಳು ಸ್ನಾನ ಮುಗಿದ ಮೇಲೆ ಒಂದು ದಿನ ಪೂರ್ತಿ ಒಣಗಿಸಿ ಮತ್ತೆ ತೂಗಿ. ಬಳಸದ ತುಂಡಿನಲ್ಲಿ ಇಳಿದದ್ದು ಆರಿದ ನೀರು. ಅದನ್ನು ಕಳೆದರೆ ನಿಜವಾಗಿ ನೀವು ಬಳಸಿದ್ದು ಸಿಗುತ್ತೆ.

ಉದಾಹರಣೆಗೆ 100 ಗ್ರಾಂ ಸೋಪು 60 ರೂಪಾಯಿ, ಸ್ನಾನಕ್ಕೆ 3 ಗ್ರಾಂ ಹೋದರೆ 33 ಸ್ನಾನ, ಒಂದಕ್ಕೆ ಎರಡು ರೂಪಾಯಿಯೊಳಗೆ. 250 ಮಿಲಿಲೀಟರಿನ ಬಾಡಿ ವಾಶ್ 400 ರೂಪಾಯಿ, ಸ್ನಾನಕ್ಕೆ 8 ಮಿಲಿಲೀಟರ್ ಹೋದರೆ 31 ಸ್ನಾನ, ಒಂದಕ್ಕೆ ಹದಿಮೂರು ರೂಪಾಯಿ ಹತ್ತಿರ. "ಸ್ವಲ್ಪ ದುಬಾರಿ" ಅನ್ನುವುದಕ್ಕಿಂತ ಈ ಎರಡು ಸಾಲು ಓದುಗರಿಗೆ ಹೆಚ್ಚು ಉಪಕಾರ ಮಾಡುತ್ತವೆ.

## ಹಂತ 9: ಬರೆಯುವುದು

ಪರ್ಫ್ಯೂಮ್ ಅಂಗಡಿಯ "ವುಡಿ", "ಮಸ್ಕಿ", "ಫ್ರೆಶ್" ಪದ ಬಿಡಿ. ನಮ್ಮೂರಿನ ಮೂಗಿಗೆ ನಮ್ಮದೇ ಪದಗಳಿವೆ. ನಿಂಬೆ ಅಂದರೆ ಯಾವುದು? ಗಜನಿಂಬೆ ಎಲೆಯೋ, ಹೇರಳೆಕಾಯಿ ಸಿಪ್ಪೆಯೋ, ಪಾತ್ರೆ ತೊಳೆಯುವ ಸಾಬೂನೋ? ಮಲ್ಲಿಗೆ ಅಂದರೆ ಸಂಜೆ ಆಗತಾನೇ ಬಿರಿದ ಮೊಗ್ಗೋ, ಬೆಳಿಗ್ಗೆ ದಿಂಬಿನ ಮೇಲೆ ಸಿಕ್ಕಿದ ಬಾಡಿದ ದಂಡೆಯೋ? ಎರಡೂ ಮಲ್ಲಿಗೆಯೇ, ಆದರೆ ಆಫೀಸಿಗೆ ಹೋಗುವವರು ಒಂದನ್ನು ಮಾತ್ರ ಕೊಳ್ಳುತ್ತಾರೆ. ದವನ, ಮರುಗ, ಪಚ್ಚೆತೆನೆ, ಪಚ್ಚಕರ್ಪೂರ ಹಾಕಿದ ತೀರ್ಥ, ನೀರು ಚಿಮುಕಿಸಿದ ಲಾವಂಚದ ಚಾಪೆ, ಡಿಸೆಂಬರಿನ ಅವರೆಕಾಯಿ ಸೊಗಡು: ಹೇಳಿದ ಕೂಡಲೇ ಓದುಗರ ಮೂಗಿಗೆ ಬಡಿಯುತ್ತೆ. ಸಂದೇಹವಿದ್ದರೆ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಒಂದು ಸುತ್ತು ಹಾಕಿ, ಸಂಪಿಗೆ, ಸುಗಂಧರಾಜ ಎರಡನ್ನೂ ಪಕ್ಕಪಕ್ಕ ಮೂಸಿ ಬನ್ನಿ. ಗಂಧಕ್ಕೆ ಅಳತೆಗೋಲು ಮೈಸೂರ್ ಸ್ಯಾಂಡಲ್. ಅದಕ್ಕಿಂತ ಸಿಹಿಯೋ, ಒಣಗಲೋ, ತೆಳುವೋ ಅಂತ ಹೇಳಿದರೆ ಇಲ್ಲಿ ಎಲ್ಲರಿಗೂ ತಿಳಿಯುತ್ತೆ.

ನನಗೆ ಬಂದಿದ್ದ ಒಂದು ಕರಡು ಹೀಗಿತ್ತು: "ಅದ್ಭುತ ಪರಿಮಳ, ಮೈ ಮನ ಎರಡೂ ತಾಜಾ, ಚಳಿಗಾಲಕ್ಕೆ ಹೇಳಿ ಮಾಡಿಸಿದಂತಿದೆ." ಅದೇ ಓದುಗರು ಹತ್ತು ದಿನ ಪರೀಕ್ಷೆ ಮಾಡಿ ಮತ್ತೆ ಬರೆದದ್ದು: "ಬೋರ್‌ವೆಲ್ ನೀರು. ಬಾಟಲಿಯಲ್ಲಿ ಕೇಕಿನ ಅಂಗಡಿ ವಾಸನೆ. ಬಿಸಿನೀರು ಬಿದ್ದಾಗ ಚಕ್ಕೆ ಮುಂದೆ ಬರುತ್ತೆ, ಕಾಲು ಗಂಟೆಗೆ ಇಳಿಯುತ್ತೆ. ಮಧ್ಯಾಹ್ನ ಮುಂಗೈಯಲ್ಲಿ ಹಾಲಿನ ಪೇಡದಷ್ಟು ಸಿಹಿ ಮಾತ್ರ. ಚರ್ಮ ಎಳೆಯಲಿಲ್ಲ. ಶೇವ್ ಮಾಡಿದ ಕಾಲಿಗೆ ಉರಿಯಿತು." ಎರಡನೆಯದನ್ನು ಓದಿ ಕೊಳ್ಳಲೂಬಹುದು, ಬಿಡಲೂಬಹುದು.

ಅಂಕ ಕೊಡುವುದಾದರೆ ನೊರೆ, ಚರ್ಮ, ಉಳಿಯುವ ಹೊತ್ತು, ಖರ್ಚು ಬೇರೆಬೇರೆ ಕೊಡಿ. ಪರಿಮಳಕ್ಕೆ ಅಂಕ ಬೇಡ ಅನ್ನುವುದು ನನ್ನ ಹಠ. ನಿಮಗೆ ಹಿಡಿಸದ ಸುಗಂಧರಾಜ ಇನ್ನೊಬ್ಬರ ಮದುವೆಮನೆ.

## ಹಂತ 10: ಯಾರು ಕೊಟ್ಟರು, ಯಾವಾಗ ಹಾಕುವುದು

ದುಡ್ಡು ಕೊಟ್ಟು ಕೊಂಡಿರಾ, ಕಂಪನಿ ಉಚಿತವಾಗಿ ಕಳಿಸಿತಾ, ಸಂಬಂಧಿಕರ ಅಂಗಡಿಯದಾ? ಮೊದಲ ಸಾಲಿನಲ್ಲೇ ಹೇಳಿ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿವೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ದಾರಿ ತಪ್ಪಿಸುವ ಪ್ರಚಾರಕ್ಕೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಬೀಳಬಹುದು. "ಉಡುಗೊರೆ ಬುಟ್ಟಿ ಬಂದಿತ್ತು" ಅಂತ ಕೊನೆಯ ಸಾಲಿನಲ್ಲಿ, ಹ್ಯಾಶ್‌ಟ್ಯಾಗುಗಳ ಗುಂಪಿನಲ್ಲಿ ಅಡಗಿಸುವುದು ಹೇಳಿದ್ದಕ್ಕೆ ಸಮ ಅಲ್ಲ.

"ಮೊಡವೆ ಹೋಯಿತು", "ಕಜ್ಜಿ ವಾಸಿಯಾಯಿತು" ಅಂತ ಬರೆಯಬೇಡಿ. ಸೋಪಿನ ವಿಮರ್ಶೆ ಸೋಪಿನಷ್ಟೇ ಇರಲಿ.

ಹಾಕುವ ಮುನ್ನ ಅಂಗಡಿಯಲ್ಲಿ ಸರಕು ಇನ್ನೂ ಇದೆಯಾ ನೋಡಿ. ಮುಗಿದಿದ್ದರೆ ಟಿಪ್ಪಣಿಯನ್ನು ಎಸೆಯಬೇಡಿ. ಬಳಸದೆ ಉಳಿಸಿದ ಆ ಅರ್ಧ ತುಂಡನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ತಾರೀಖು, ಬ್ಯಾಚ್ ಸಂಖ್ಯೆ ಬರೆದು ಸ್ಟೀಲ್ ಡಬ್ಬಿಗೆ ಹಾಕಿಡಿ. ಮುಂದಿನ ವರ್ಷ ಅದೇ ಹೆಸರಲ್ಲಿ ಬಂದದ್ದರ ಪಕ್ಕ ಇಟ್ಟು ನೋಡಿ. ಪರಿಮಳಕ್ಕೆ ಆ ಹಳೆ ತುಂಡು ಸಾಕ್ಷಿಯಾಗುವುದಿಲ್ಲ, ವರ್ಷದಲ್ಲಿ ಅದರ ಗಂಧ ಇಳಿದಿರುತ್ತೆ. ಅದಕ್ಕೆ ನಿಮ್ಮ ನೋಟುಪುಸ್ತಕವೇ ಗತಿ. ಲೇಬಲ್ಲಿನ ತೂಕ, ಟಿಎಫ್‌ಎಂ ಕೂಡ ಅದರಿಂದಲೇ ಹೋಲಿಸಿ. ನೊರೆ ಮಾತ್ರ ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತೆ. ಡಬ್ಬಿಯನ್ನು ಬೀರುವಿನಲ್ಲಿ ಮಾತ್ರ ಇಡಬೇಡಿ.